ಹೊಸೂರಿನ ಸಣ್ಣ ಶಾಪ್‌ಗಳು, ಸಿಗದ ಸೆಟ್ಟರ್, ಡಿಜಿಟಲ್ ಮಷಿನ್: ಪದೇ ಪದೇ ಕೇಳುವ ಪ್ರಶ್ನೆಗಳು

ತಮಿಳುನಾಡಿನ ಗಡಿಯಲ್ಲಿರುವ ಹೊಸೂರು, ಬಾಗಲೂರು, ಕೆಲಮಂಗಲ, ಶೂಲಗಿರಿ ಕಡೆ ಸಣ್ಣ ಮಷಿನ್ ಶಾಪ್ ನಡೆಸುವವರು, ಅಲ್ಲಿ ದುಡಿಯುವವರು, ಮಕ್ಕಳನ್ನು ಐಟಿಐಗೆ ಸೇರಿಸಬೇಕಾ ಬೇಡವಾ ಅಂತ ಯೋಚನೆಯಲ್ಲಿರುವ ಅಪ್ಪ ಅಮ್ಮಂದಿರು, ಈ ಮೂರೂ ಕಡೆಯವರು ಕೇಳುವ ಪ್ರಶ್ನೆಗಳು ಇಲ್ಲಿವೆ. ದೊಡ್ಡ ಕಂಪನಿಗಳಿಗೆ ಸಲಹೆ ಕೊಡುವವರು ಬೇಕಾದಷ್ಟು ಜನ ಇದ್ದಾರೆ. ಇದು ಐದರಿಂದ ಐವತ್ತು ಜನ ಇರುವ ಶಾಪ್‌ಗಳಿಗೆ.

ಬೆಳಿಗ್ಗೆ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಕಡೆ ಹೋದರೆ ಕೆಲಸ ಕೇಳಿಕೊಂಡು ಜನ ನಿಂತಿರುತ್ತಾರೆ. ಆದರೂ ಆಳು ಸಿಗುತ್ತಿಲ್ಲ ಅಂತೀರಲ್ಲ, ಇದ್ಯಾವ ಲೆಕ್ಕ?

ಎರಡೂ ನಿಜ. ಹೆಲ್ಪರ್ ಇವತ್ತು ಹೇಳಿದರೆ ನಾಳೆ ಬರುತ್ತಾನೆ. ಜಾಬ್ (ಕೆಲಸಕ್ಕೆ ಬಂದ ಬಿಡಿಭಾಗ) ಹಾಕಿ, ಬಟನ್ ಒತ್ತಿ, ಜಾಬ್ ತೆಗೆಯುವ ಆಪರೇಟರ್ ಕೂಡ ಹುಡುಕಿದರೆ ಸಿಗುತ್ತಾನೆ. ಸಿಗದೆ ಇರುವವನು ಸೆಟ್ಟರ್.

ಸೆಟ್ಟರ್ ಮಾಡುವ ಕೆಲಸ ಹೊರಗಿನವರಿಗೆ ಕಾಣುವುದಿಲ್ಲ. ಡ್ರಾಯಿಂಗ್ ನೋಡಿ ಜಾಬ್ ಹಿಡಿಯಲು ಯಾವ ಫಿಕ್ಸ್ಚರ್, ಕತ್ತರಿಸಲು ಯಾವ ಇನ್ಸರ್ಟ್, ಟೂಲ್ ಮುಂದೆ ಸರಿಯಲು ಎಷ್ಟು ಫೀಡ್ ಅಂತ ತೀರ್ಮಾನ ಮಾಡುವವನು ಅವನು. ಮೊದಲ ಪೀಸ್ ಅಳೆದು ಟೂಲಿನ ಜಾಗ ಸರಿಮಾಡುವ ಆಫ್‌ಸೆಟ್ ಕೊಡುವವನೂ ಅವನೇ. 25 ಮಿಲಿಮೀಟರ್ ರಂಧ್ರಕ್ಕೆ ಎಚ್7 ಅನ್ನುವ ಅಳತೆ ಮಿತಿ ಬರೆದಿದ್ದರೆ ಹೆಚ್ಚುಕಡಿಮೆ ಆಗಲು ಅವನಿಗೆ ಸಿಗುವ ಜಾಗ ಒಟ್ಟು 21 ಮೈಕ್ರಾನ್. ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ, ಅದರ ಮೂರನೇ ಒಂದು ಪಾಲಿಗಿಂತ ಕಡಿಮೆ. ಬೆಳಿಗ್ಗೆ ಮಷಿನ್ನಿನಲ್ಲಿ ತಿರುಗುವ ಸ್ಪಿಂಡಲ್ ತಣ್ಣಗಿರುವಾಗ ಬರುವ ಅಳತೆ ಬೇರೆ, ಹನ್ನೊಂದು ಗಂಟೆಗೆ ಬಿಸಿಯಾದ ಮೇಲೆ ಬರುವ ಅಳತೆ ಬೇರೆ. ಹೊಸ ಲಾಟ್ ಕಾಸ್ಟಿಂಗ್ (ಎರಕದ ಮಾಲು) ಸ್ವಲ್ಪ ಗಟ್ಟಿ ಬಂದಿದ್ದರೆ ಅವನಿಗೆ ಸದ್ದಿನಲ್ಲೇ ಗೊತ್ತಾಗುತ್ತದೆ. ಇದು ಮೂರು ತಿಂಗಳ ಸರ್ಟಿಫಿಕೇಟ್ ಕೋರ್ಸಿನಲ್ಲಿ ಬರುವ ವಿದ್ಯೆ ಅಲ್ಲ. ಒಳ್ಳೆಯ ಹುಡುಗ, ಕಲಿಸುವ ಮನಸ್ಸಿರುವ ಹಿರಿಯ, ಇಬ್ಬರೂ ಕೂಡಿದರೂ ಮೂರು ನಾಲ್ಕು ವರ್ಷ ಬೇಕು.

ಹಾಗಾಗಿ ಮಷಿನ್ ಐದಿರುತ್ತದೆ, ಆಪರೇಟರ್ ಐದು ಜನ ಇರುತ್ತಾರೆ, ಸೆಟ್ಟರ್ ಒಬ್ಬನೇ. ಅವನು ಮದುವೆಗೆ ಅಂತ ಅಂಚೆಟ್ಟಿಗೆ ಹೋದ ದಿನ ಎರಡು ಮಷಿನ್ ನಿಂತೇ ಇರುತ್ತವೆ.

ಹಾಗಾದರೆ ಮೊದಲಿದ್ದ ಸೆಟ್ಟರ್‌ಗಳೆಲ್ಲ ಎಲ್ಲಿ ಹೋದರು?

1971ರಲ್ಲಿ ಶುರುವಾದ, ತಮಿಳುನಾಡು ಸರ್ಕಾರ ನಡೆಸುವ ಸಿಪ್‌ಕಾಟ್ ಹೊಸೂರಿನಲ್ಲಿ ಕೈಗಾರಿಕೆಗೆ ಜಾಗ ಮಾಡಿಕೊಟ್ಟಿತು. 1980ರ ಹೊತ್ತಿಗೆ ಟಿವಿಎಸ್ ಮೊಪೆಡ್ ಬಂತು, ಅಶೋಕ್ ಲೇಲ್ಯಾಂಡ್ ಘಟಕ ಬಂತು, ಆ ದಶಕದಲ್ಲೇ ಟೈಟಾನ್ ಗಡಿಯಾರ ಬಂತು. ಇವುಗಳ ಹಿಂದೆ ಬಿಡಿಭಾಗ ಮಾಡುವ ಸಣ್ಣ ಶಾಪ್‌ಗಳು ಹುಟ್ಟಿದವು. ಆಗ ಇಪ್ಪತ್ತರ ವಯಸ್ಸಲ್ಲಿ ಲೇತ್ ಹಿಡಿದವರು ಈಗ ರಿಟೈರ್ ಆಗಿದ್ದಾರೆ, ಇಲ್ಲವೇ ಕನ್ನಡಕ ಬದಲಿಸುತ್ತಾ ದಿನ ತಳ್ಳುತ್ತಿದ್ದಾರೆ. ಅವರ ಮಕ್ಕಳು ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಕಂಪ್ಯೂಟರ್ ಮುಂದೆ ಕೂತರು. ಅಪ್ಪಂದಿರೇ ಹಾಗೆ ಮಾಡು ಅಂದಿದ್ದು, ಅದರಲ್ಲಿ ತಪ್ಪೇನೂ ಇಲ್ಲ.

ನಡುವಿನ ತಲೆಮಾರಿನಲ್ಲಿ ಉಳಿದವರಿಗೆ ಕರೆ ಜಾಸ್ತಿ. ಗಡಿಯ ಜುಜುವಾಡಿ ದಾಟಿದರೆ ಕರ್ನಾಟಕದ ಅತ್ತಿಬೆಲೆ, ಅದರಾಚೆ ಬೊಮ್ಮಸಂದ್ರ, ಜಿಗಣಿ. ಈಚೆಗೆ ಇದೇ ಕೃಷ್ಣಗಿರಿ ಜಿಲ್ಲೆಯಲ್ಲಿ ಎಲೆಕ್ಟ್ರಿಕ್ ಸ್ಕೂಟರಿನ ಏಥರ್, ಪೋಚಂಪಳ್ಳಿಯ ಓಲಾ, ಟಾಟಾ ಎಲೆಕ್ಟ್ರಾನಿಕ್ಸ್ ಎಲ್ಲ ಬಂದಿವೆ. ಸಣ್ಣ ಶಾಪ್ ಎರಡು ವರ್ಷ ಕಲಿಸಿದ ಹುಡುಗನನ್ನು ದೊಡ್ಡ ಫ್ಯಾಕ್ಟರಿ ಒಂದೇ ಫೋನಿನಲ್ಲಿ ಕರೆದುಕೊಳ್ಳುತ್ತದೆ. ಕ್ಯಾಂಟೀನ್ ಇದೆ, ಬಸ್ ಇದೆ, ಯೂನಿಫಾರಂ ಇದೆ. ಹೆಣ್ಣು ಕೊಡುವವರೂ ಅದನ್ನೇ ನೋಡುತ್ತಾರೆ, ಅಲ್ವಾ?

ಸಂಬಳ ಜಾಸ್ತಿ ಕೊಟ್ಟರೆ ಮುಗಿಯಿತಲ್ಲ?

ಅರ್ಧ ಮುಗಿಯುತ್ತದೆ. ಆ ಅರ್ಧವನ್ನೂ ಮಾಡದೆ "ಈಗಿನ ಹುಡುಗರಿಗೆ ನಿಯತ್ತಿಲ್ಲ" ಅನ್ನುವ ಮಾಲೀಕರ ಮಾತು ನನಗೆ ಹಿಡಿಸುವುದಿಲ್ಲ. ಒಂದು ಲಾಟ್ ರಿಜೆಕ್ಟ್ ಆಗಿ ವಾಪಸ್ ಬಂದರೆ ಕಚ್ಚಾ ಮಾಲು, ಕರೆಂಟು, ಲಾರಿ ಬಾಡಿಗೆ, ಗಿರಾಕಿಯ ಬೈಗುಳ ಎಲ್ಲ ಸೇರಿ ಎಷ್ಟಾಯಿತು ಅಂತ ಬರೆದು ನೋಡಿ. ಸೆಟ್ಟರ್ ಕೇಳಿದ ಹೆಚ್ಚುವರಿ ಸಂಬಳ ಅದರ ಮುಂದೆ ಚಿಲ್ಲರೆಯಾಗಿ ಕಾಣುತ್ತದೆ.

ಉಳಿದರ್ಧ ಬರೀ ಸಂಬಳದ್ದಲ್ಲ. ಪಿಎಫ್, ಇಎಸ್‌ಐ ಸರಿಯಾಗಿ ಕಟ್ಟುವುದು. ಓಟಿಗೆ ಕಾನೂನು ಹೇಳುವ ಎರಡರಷ್ಟು ಕೊಡುವುದು. ಕೈಗೆ ನೇಮಕಾತಿ ಪತ್ರ ಕೊಡುವುದು. 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಈ ಪತ್ರ ಎಲ್ಲರಿಗೂ ಕಡ್ಡಾಯ. ಜೊತೆಗೆ, ಹೆಲ್ಪರ್ ಆಗಿ ಸೇರಿದವನು ಯಾವಾಗ ಆಪರೇಟರ್ ಆಗುತ್ತಾನೆ, ಯಾವಾಗ ಸೆಟ್ಟರ್ ಆಗುತ್ತಾನೆ, ಆಗ ಸಂಬಳ ಎಷ್ಟು ಅಂತ ಗೋಡೆ ಮೇಲೆ ಬರೆದು ಹಾಕಿ. ದಾರಿ ಕಾಣದವನು ಬಿಟ್ಟು ಹೋಗುವುದು ಸಹಜ.

ಡಿಜಿಟಲ್ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಮೊದಲು ಏನು ಕೊಳ್ಳಬೇಕು?

ಏನೂ ಕೊಳ್ಳಬೇಡಿ. ನಿಮ್ಮ ಸೆಟ್ಟರ್ ತಲೆಯಲ್ಲಿ ಇರುವುದನ್ನು ಮೊದಲು ಹೊರಗೆ ತನ್ನಿ. ಇಡೀ ಡಿಜಿಟಲ್ ಗದ್ದಲದಲ್ಲಿ ಸಣ್ಣ ಶಾಪಿಗೆ ಅತಿ ಹೆಚ್ಚು ಲಾಭ ಕೊಡುವ ಕೆಲಸ ಇದೇ. ಇದಕ್ಕೆ ಬೇಕಾಗಿರುವುದು ಒಂದು ಮೊಬೈಲ್.

ಪದೇ ಪದೇ ಬರುವ ಜಾಬ್‌ಗಳನ್ನು ಆರಿಸಿಕೊಳ್ಳಿ. ಪ್ರತಿ ಜಾಬಿಗೂ ಒಂದು ಸೆಟ್ಟಿಂಗ್ ಶೀಟ್ ಮಾಡಿ. ಫಿಕ್ಸ್ಚರ್ ಕೂರಿಸಿದ ಫೋಟೋ, ಟೂಲ್ ಯಾವ ಸ್ಟೇಷನ್ನಿನಲ್ಲಿ, ಇನ್ಸರ್ಟಿನ ಗ್ರೇಡ್, ಪ್ರೋಗ್ರಾಂ ನಂಬರ್, ಎಷ್ಟು ಪೀಸಿಗೆ ಇನ್ಸರ್ಟ್ ತಿರುಗಿಸಬೇಕು, ಯಾವ ಅಳತೆ ಮೊದಲು ಜಾರುತ್ತದೆ, ಎಲ್ಲ ಅದರಲ್ಲಿ ಇರಲಿ. ಸೆಟ್ಟರ್ ಸೆಟ್ಟಿಂಗ್ ಮಾಡುವಾಗ ಅವನ ಕೈ ಕಾಣುವ ಹಾಗೆ ವಿಡಿಯೋ ತೆಗೆಯಿರಿ. ಅವನು ತನ್ನ ಮಾತಿನಲ್ಲೇ ಹೇಳಲಿ. ಆಮೇಲೆ ಮಷಿನ್ ಪಕ್ಕ ಒಂದು ಕ್ಯೂಆರ್ ಕೋಡ್ ಅಂಟಿಸಿದರೆ ಹೊಸ ಹುಡುಗ ಮೊಬೈಲ್ ಹಿಡಿದು ನೋಡಿಕೊಳ್ಳುತ್ತಾನೆ.

ನಮ್ಮ ಕಡೆ ಇದಕ್ಕೆ ಇನ್ನೊಂದು ಕಾರಣವೂ ಇದೆ. ಒಂದೇ ಶಾಪಿನಲ್ಲಿ ತಳಿ ಕಡೆಯ ಕನ್ನಡದ ಹುಡುಗ, ಧರ್ಮಪುರಿಯ ತಮಿಳಿನವನು, ಕುಪ್ಪಂನ ತೆಲುಗಿನವನು, ಒಡಿಶಾ, ಬಿಹಾರದಿಂದ ಬಂದವರು ಇರುತ್ತಾರೆ. ಇಂಗ್ಲಿಷಿನಲ್ಲಿ ಟೈಪ್ ಮಾಡಿ ಲ್ಯಾಮಿನೇಟ್ ಮಾಡಿದ ಹಾಳೆಯನ್ನು ಓದುವವರು ಆಡಿಟರ್ ಮಾತ್ರ. ಫೋಟೋ ಆದರೆ ಎಲ್ಲರೂ ನೋಡುತ್ತಾರೆ.

ಸೆಟ್ಟರ್ ಇದಕ್ಕೆ ಸುಲಭಕ್ಕೆ ಒಪ್ಪುವುದಿಲ್ಲ. ಗೊತ್ತಿರುವುದನ್ನೆಲ್ಲ ಹೇಳಿಬಿಟ್ಟರೆ ನಾಳೆ ನನ್ನನ್ನು ಯಾರು ಕೇಳುತ್ತಾರೆ ಅನ್ನುವುದು ಅವನ ಭಯ. ಆ ಭಯದಲ್ಲಿ ನ್ಯಾಯ ಇದೆ. ಅವನಿಗೆ ಕಲಿಸುವ ಭತ್ಯೆ ಅಂತ ಬೇರೆಯಾಗಿ ಕೊಡಿ, ಶೀಟಿನ ಮೇಲೆ ಅವನ ಹೆಸರು ಹಾಕಿ. ಅವನ ವಿದ್ಯೆ ಪುಕ್ಕಟೆ ಬೇಕು ಅಂದರೆ ಅವನೂ ಅರ್ಧ ಹೇಳಿ ಅರ್ಧ ಬಚ್ಚಿಡುತ್ತಾನೆ.

ಇದರ ಜೊತೆಗೇ ಮಾಡಬೇಕಾದ್ದು ಬ್ಯಾಕಪ್. ಸಿಎನ್‌ಸಿ (ಕಂಪ್ಯೂಟರ್ ಹಿಡಿತದ ಮಷಿನ್) ಪ್ರೋಗ್ರಾಂ ಮತ್ತು ಮಷಿನ್ನಿನ ಒಳಗಿನ ಸೆಟ್ಟಿಂಗ್ ಆದ ಪ್ಯಾರಾಮೀಟರ್ ಎರಡನ್ನೂ ಮೆಮೊರಿ ಕಾರ್ಡಿಗೆ ತೆಗೆದು, ಇನ್ನೊಂದು ಪ್ರತಿಯನ್ನು ಶಾಪಿನ ಹೊರಗೆ ಇಡಿ. ಕಂಟ್ರೋಲರಿನಲ್ಲಿ ಬ್ಯಾಟರಿ ಎಚ್ಚರಿಕೆ ಬಂದರೆ ಮುಂದೂಡಬೇಡಿ. ಫ್ಯಾನಕ್‌ನಂಥ ಕಂಟ್ರೋಲರ್‌ಗಳಲ್ಲಿ ಮೆಮೊರಿ ಬ್ಯಾಟರಿಯನ್ನು ಕರೆಂಟು ಆನ್ ಇರುವಾಗಲೇ ಬದಲಿಸಬೇಕು. ಆಫ್ ಮಾಡಿ ಬದಲಿಸಿದರೆ ಪ್ಯಾರಾಮೀಟರ್ ಅಳಿಸಿ ಹೋಗಬಹುದು. ಆಮೇಲೆ ಸರ್ವಿಸ್ ಎಂಜಿನಿಯರ್ ಬರುವ ತನಕ ಮಷಿನ್ ಒಂದು ಕಬ್ಬಿಣದ ಪೆಟ್ಟಿಗೆ.

ನಮ್ಮದು ಹಳೆಯ ಮಷಿನ್. ಇಂಟರ್ನೆಟ್ ಇರಲಿ, ಸರಿಯಾದ ಪೋರ್ಟೂ ಇಲ್ಲ. ಇದಕ್ಕೆಲ್ಲ ಆಗುತ್ತದಾ?

ಆಗುತ್ತದೆ. ಮೇನ್ ಕೇಬಲ್ಲಿಗೆ ಕರೆಂಟ್ ಅಳೆಯುವ ಒಂದು ಕ್ಲಾಂಪ್ ಹಾಕಿದರೆ ಮಷಿನ್ ಕಟಿಂಗ್ ಮಾಡುತ್ತಿದೆಯಾ, ಖಾಲಿ ತಿರುಗುತ್ತಿದೆಯಾ, ನಿಂತಿದೆಯಾ ಅಂತ ಗೊತ್ತಾಗುತ್ತದೆ. ಹಸಿರು, ಹಳದಿ, ಕೆಂಪು ದೀಪದ ಕಂಬ ಇದ್ದರೆ ಅದರಿಂದಲೂ ಸಿಗ್ನಲ್ ತೆಗೆಯಬಹುದು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಹುಡುಗನೊಬ್ಬ ಸಣ್ಣ ವೈಫೈ ಬೋರ್ಡ್ ಇಟ್ಟುಕೊಂಡು ಇದನ್ನು ಮಾಡಿಬಿಡುತ್ತಾನೆ. ಕ್ಲಾಂಪ್ ಹಾಕುವುದು ಮಾತ್ರ ಎಲೆಕ್ಟ್ರಿಷಿಯನ್ ಕೆಲಸ, ನೀವೇ ಕೈ ಹಾಕಬೇಡಿ.

ಓಇಇ ಅಂತ ಒಂದು ನಂಬರ್ ಕೇಳುತ್ತಾರೆ. ಅದೇನು?

ಮಷಿನ್ ತನ್ನ ಸಮಯದಲ್ಲಿ ಎಷ್ಟು ಪಾಲನ್ನು ಒಳ್ಳೆಯ ಪೀಸ್ ಮಾಡಲು ಬಳಸಿತು ಅನ್ನುವ ಲೆಕ್ಕ. 480 ನಿಮಿಷದ ಶಿಫ್ಟ್ ಅಂದುಕೊಳ್ಳಿ. ಊಟ, ಟೀಗೆ 45 ಹೋದರೆ 435 ಉಳಿಯಿತು. ಅದರಲ್ಲಿ 87 ನಿಮಿಷ ಮಷಿನ್ ನಿಂತಿತ್ತು, ಓಡಿದ್ದು 348. ಅಂದರೆ ಶೇಕಡಾ 80. ನಿಮಿಷಕ್ಕೊಂದು ಪೀಸ್ ಬರಬೇಕಿತ್ತು, ಬಂದದ್ದು 313. ಅದು ಶೇಕಡಾ 90. ಅದರಲ್ಲಿ ಪಾಸಾದದ್ದು 297, ಶೇಕಡಾ 95. ಮೂರನ್ನೂ ಗುಣಿಸಿದರೆ ಹೆಚ್ಚುಕಡಿಮೆ 68. ದೊಡ್ಡವರು 85 ಬೇಕು ಅಂತಾರೆ. ಆ 85ರ ಹಿಂದೆ ಬೀಳಬೇಡಿ. 87 ನಿಮಿಷ ಯಾಕೆ ನಿಂತಿತ್ತು ಅನ್ನುವುದನ್ನು ಹಿಡಿಯಿರಿ. ನಾನು ನೋಡಿದ ಶಾಪ್‌ಗಳಲ್ಲಿ ಬ್ರೇಕ್‌ಡೌನ್‌ಗಿಂತ ಸೆಟ್ಟರ್‌ಗೆ ಕಾದದ್ದು, ಕ್ರೇನಿಗೆ ಕಾದದ್ದು, ಅಳತೆಯ ಗೇಜ್ ಹುಡುಕಿದ್ದೇ ಜಾಸ್ತಿ ಇರುತ್ತದೆ.

ಇದೆಲ್ಲ ಕೆಲಸಗಾರರನ್ನು ಕಾಯುವ ಕಣ್ಣು ಆಗಲ್ವಾ?

ಆಗಬಹುದು. ಒಂದು ಶಾಪಿನಲ್ಲಿ ಗೋಡೆಗೆ ದೊಡ್ಡ ಟಿವಿ ಹಾಕಿ ಯಾರ ಮಷಿನ್ ಎಷ್ಟು ನಿಂತಿದೆ ಅಂತ ಹೆಸರಿನ ಸಮೇತ ಕೆಂಪಕ್ಷರದಲ್ಲಿ ತೋರಿಸುತ್ತಿದ್ದರು. ಹುಡುಗರು ಜಾಬ್ ಇಲ್ಲದೆ ಸ್ಪಿಂಡಲ್ ಓಡಿಸುವುದನ್ನು ಕಲಿತರು. ಸ್ಕ್ರೀನ್ ಹಸಿರಾಯಿತು, ಕರೆಂಟ್ ಬಿಲ್ ಏರಿತು. ಮಷಿನ್ ಹೆಸರಿರಲಿ, ಮನುಷ್ಯರ ಹೆಸರು ಬೇಡ.

ರೋಬೋ, ಎಐ ಬಂದಮೇಲೆ ಈ ಕೆಲಸಗಳೇ ಇರುವುದಿಲ್ಲ ಅಂತಾರೆ?

ಒಂದೇ ಜಾಬನ್ನು ವರ್ಷಪೂರ್ತಿ ಲಕ್ಷಗಟ್ಟಲೆ ಮಾಡುವ ಕಡೆ ಜಾಬ್ ಹಾಕಿ ತೆಗೆಯುವ ಕೆಲಸ ರೋಬೋಗೆ ಹೋಗುತ್ತದೆ, ಹೋಗುತ್ತಿದೆ. ಕ್ಯಾಮೆರಾ ಇಟ್ಟು ಗೀರು, ಬರ್ (ಅಂಚಿನಲ್ಲಿ ಉಳಿಯುವ ಚೂಪು ಸಿಪ್ಪೆ) ಹಿಡಿಯುವುದೂ ಬಂದಿದೆ. ಆದರೆ ದಿನಕ್ಕೆರಡು ಸೆಟ್ಟಿಂಗ್ ಬದಲಿಸುವ ಸಣ್ಣ ಶಾಪಿನಲ್ಲಿ ರೋಬೋಗೂ ಸೆಟ್ಟಿಂಗ್ ಮಾಡುವವನು ಬೇಕು. ಸಿಗದವನೇ ಅವನು.

ಅಮೆರಿಕದ ಸುಂಕ, ಚೀನಾದ ಜಗಳ, ಎಲ್ಲೋ ಯುದ್ಧ. ಇಪ್ಪತ್ತು ಜನರ ನಮ್ಮ ಶಾಪಿಗೂ ಅದಕ್ಕೂ ಏನು ಸಂಬಂಧ? ನಾವು ರಫ್ತು ಮಾಡುವವರೇ ಅಲ್ಲ.

ನಿಮ್ಮ ಗಿರಾಕಿ ಮಾಡುತ್ತಾನೆ, ಇಲ್ಲವೇ ಅವನ ಗಿರಾಕಿ ಮಾಡುತ್ತಾನೆ. 2025ರ ಒಂದೇ ವರ್ಷ ನೋಡಿ. ಏಪ್ರಿಲ್‌ನಲ್ಲಿ ಅಮೆರಿಕ ನಮ್ಮ ಮಾಲಿನ ಮೇಲೆ ಶೇಕಡಾ 10 ಹೆಚ್ಚುವರಿ ಸುಂಕ ಹಾಕಿತು. ಆಗಸ್ಟ್ 7ಕ್ಕೆ ಅದು 25 ಆಯಿತು, ಆಗಸ್ಟ್ 27ಕ್ಕೆ 50. ವಾಹನದ ಬಿಡಿಭಾಗಗಳಿಗೆ ಬೇರೆಯದೇ ಲೆಕ್ಕ, ಮೇ 3ರಿಂದ ಶೇಕಡಾ 25. ಐದು ತಿಂಗಳೊಳಗೆ ಇಷ್ಟು ಸಲ ಲೆಕ್ಕ ಬದಲಾದರೆ ರಫ್ತುದಾರ ಮಾಡುವ ಮೊದಲ ಕೆಲಸ ಆರ್ಡರ್ ತಡೆಹಿಡಿಯುವುದು. ಎರಡನೆಯದು, ನಿಮಗೆ ಫೋನ್ ಮಾಡಿ ರೇಟ್ ಇಳಿಸಿ ಅನ್ನುವುದು.

ಅದೇ ಏಪ್ರಿಲ್ 4ರಂದು ಚೀನಾ ಕೆಲವು ಅಪರೂಪದ ಲೋಹಗಳಿಗೆ, ಅವುಗಳ ಮ್ಯಾಗ್ನೆಟ್ಟಿಗೆ ರಫ್ತು ಲೈಸೆನ್ಸ್ ಕಡ್ಡಾಯ ಮಾಡಿತು. ಎಲೆಕ್ಟ್ರಿಕ್ ಸ್ಕೂಟರ್ ಮೋಟರಿನೊಳಗೆ ಇರುವುದು ಅದೇ ಮ್ಯಾಗ್ನೆಟ್. ಮ್ಯಾಗ್ನೆಟ್ ಬರದಿದ್ದರೆ ಮೋಟರ್ ಇಲ್ಲ, ಮೋಟರ್ ಇಲ್ಲದಿದ್ದರೆ ಸ್ಕೂಟರ್ ಲೈನ್ ನಿಧಾನ. ಆಗ ನೀವು ಮಾಡಿದ ಬ್ರಾಕೆಟ್ಟೂ ನಿಮ್ಮ ರ‍್ಯಾಕಿನಲ್ಲೇ. ಸ್ವಲ್ಪ ಹಿಂದಕ್ಕೆ ಹೋದರೆ 2023ರ ಕೊನೆಯಿಂದ ಕೆಂಪು ಸಮುದ್ರದ ದಾಳಿಗಳು. ಯುರೋಪಿಗೆ ಹೋಗುವ ಹಡಗುಗಳು ಆಫ್ರಿಕಾ ಸುತ್ತಿಕೊಂಡು ಹೋಗಿ ಹತ್ತಕ್ಕೂ ಹೆಚ್ಚು ದಿನ ತಡ. 2022ರ ಮಾರ್ಚ್‌ನಲ್ಲಿ, ಯುಕ್ರೇನ್ ಯುದ್ಧ ಶುರುವಾದ ಹೊತ್ತಲ್ಲಿ, ಲಂಡನ್ ಪೇಟೆಯಲ್ಲಿ ನಿಕ್ಕಲ್ ಬೆಲೆ ಟನ್ನಿಗೆ 1 ಲಕ್ಷ ಡಾಲರ್ ದಾಟಿ ವ್ಯಾಪಾರವನ್ನೇ ನಿಲ್ಲಿಸಿದರು. ನಿಕ್ಕಲ್ ಸೇರುವ ಸ್ಟೇನ್‌ಲೆಸ್ ಸ್ಟೀಲಿನ ಜಾಬ್ ಹಳೆಯ ರೇಟಿಗೆ ಒಪ್ಪಿಕೊಂಡವರ ಪಾಡು ಬೇಡ.

ಇದಕ್ಕೂ ಕೆಲಸಗಾರರ ಕೊರತೆಗೂ ಗಂಟು ಇದೆ. ಆರ್ಡರ್ ಇಳಿದಾಗ ಶಾಪ್‌ಗಳು ಮೊದಲು ಜನ ಕಡಿಮೆ ಮಾಡುತ್ತವೆ. ಆರ್ಡರ್ ಏರಿದಾಗ ಹೋದವರು ಬರುವುದಿಲ್ಲ. 2020ರ ಮಾರ್ಚ್ 24ರ ರಾತ್ರಿ ನಾಲ್ಕು ಗಂಟೆ ಮುಂಚೆ ಹೇಳಿ ಲಾಕ್‌ಡೌನ್ ಹಾಕಿದಾಗ ಹೊರರಾಜ್ಯದವರು ಊರಿನ ದಾರಿ ಹಿಡಿದರು. 2023ರ ಮಾರ್ಚ್‌ನಲ್ಲಿ ಬಿಹಾರದವರ ಮೇಲೆ ತಮಿಳುನಾಡಿನಲ್ಲಿ ಹಲ್ಲೆ ಅಂತ ಸುಳ್ಳು ವಿಡಿಯೋಗಳು ಹರಿದಾಡಿದವು. ಆಗಲೂ ಎಷ್ಟೋ ಜನ ರೈಲು ಹತ್ತಿದರು. ಕೆಲಸ ಕಡಿಮೆ ಇರುವ ತಿಂಗಳಲ್ಲಿ ಸೆಟ್ಟರನ್ನು ಉಳಿಸಿಕೊಳ್ಳುವ ಖರ್ಚನ್ನು ನಷ್ಟ ಅಂತ ಬರೆಯಬೇಡಿ. ಸೆಟ್ಟಿಂಗ್ ಶೀಟ್, ವಿಡಿಯೋ ಮಾಡಲು ಅದಕ್ಕಿಂತ ಒಳ್ಳೆಯ ತಿಂಗಳು ಸಿಗುವುದಿಲ್ಲ.

ಇಂಥ ಹೊತ್ತಲ್ಲಿ ಸಾಲ ಮಾಡಿ ಹೊಸ ಮಷಿನ್ ಹಾಕಬಹುದಾ?

ಆಸ್ತಿ ಅಡ ಇಡದೆ ಸಾಲ ಸಿಗಲು ಸಣ್ಣ ಘಟಕಗಳ ಪರ ಜಾಮೀನು ನಿಲ್ಲುವ ಸಿಜಿಟಿಎಂಎಸ್‌ಇ ಗ್ಯಾರಂಟಿ ಇದೆ. 2025ರ ಏಪ್ರಿಲ್‌ನಿಂದ ಅದರ ಮಿತಿ 10 ಕೋಟಿ. ಸಾಲ ಸಿಗುತ್ತದೆ ಅನ್ನುವುದು ಸಾಲ ಮಾಡಲು ಕಾರಣ ಆಗಬಾರದು, ಅಷ್ಟೇ. ಈಗಿರುವ ಮಷಿನ್ ದಿನಕ್ಕೆ ಒಂದೂವರೆ ಗಂಟೆ ಸುಮ್ನೆ ನಿಂತಿದ್ದರೆ ಹೊಸದೂ ಪಕ್ಕದಲ್ಲಿ ನಿಲ್ಲುತ್ತದೆ.

ಅದಕ್ಕಿಂತ ಮೊದಲು ಬರಬೇಕಾದ ದುಡ್ಡು ವಸೂಲಿ ಮಾಡಿ. ಸೂಕ್ಷ್ಮ, ಸಣ್ಣ ಘಟಕಗಳಿಗೆ ಗಿರಾಕಿ ಹೆಚ್ಚೆಂದರೆ 45 ದಿನದಲ್ಲಿ ಹಣ ಕೊಡಬೇಕು, ಬರಹದ ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ. ಅದಕ್ಕೆ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಇರಬೇಕು. ನೋಂದಣಿ ಪೂರ್ತಿ ಉಚಿತ. ದುಡ್ಡು ಕೇಳುವ ಏಜೆಂಟರ ಹತ್ತಿರ ಹೋಗಬೇಡಿ.

ನಾವು ಎಂಜಿನ್ ಪಾರ್ಟ್ ಮಾಡುವವರು. ಎಲೆಕ್ಟ್ರಿಕ್ ಬಂದರೆ ಮುಳುಗಿದೆವಾ?

ಇನ್ನೂ ಇಲ್ಲ. 2024-25ರಲ್ಲಿ ದೇಶದಲ್ಲಿ ಮಾರಾಟವಾದ ದ್ವಿಚಕ್ರಗಳಲ್ಲಿ ಎಲೆಕ್ಟ್ರಿಕ್ ನೂರಕ್ಕೆ ಆರರ ಆಸುಪಾಸು. ಆದರೆ ಒಂದೇ ಗಿರಾಕಿ, ಒಂದೇ ಪಾರ್ಟ್ ಅಂತ ಕೂತಿದ್ದರೆ ಈಗಲೇ ಎರಡನೆಯದನ್ನು ಹುಡುಕಿ. ಬ್ರೇಕ್, ಸಸ್ಪೆನ್ಷನ್ ಎರಡೂ ಬಗೆಯ ಗಾಡಿಗೆ ಬೇಕು, ಮೋಟರ್ ಹೌಸಿಂಗ್ ನಿಮ್ಮ ಈಗಿನ ಕೆಲಸಕ್ಕೆ ಹತ್ತಿರದ್ದು. ಅಳತೆ ಹಿಡಿಯುವ ಸೆಟ್ಟರ್ ಇದ್ದರೆ ಬದಲಾಯಿಸುವುದು ಕಷ್ಟ ಅಲ್ಲ.

ಅಪ್ರೆಂಟಿಸ್ ತೆಗೆದುಕೊಳ್ಳಬಹುದಾ?

30 ಅಥವಾ ಜಾಸ್ತಿ ಜನ ಇದ್ದರೆ ತೆಗೆದುಕೊಳ್ಳಲೇಬೇಕು, ಕಾಂಟ್ರಾಕ್ಟಿನವರನ್ನೂ ಸೇರಿಸಿ ಎಣಿಸಬೇಕು. ಒಟ್ಟು ಜನರ ಶೇಕಡಾ 2.5ರಿಂದ 15ರಷ್ಟು. 4ರಿಂದ 29 ಜನ ಇದ್ದರೆ ನಿಮ್ಮ ಇಷ್ಟ. ಕೇಂದ್ರದ ಅಪ್ರೆಂಟಿಸ್ ಯೋಜನೆಯಲ್ಲಿ ಸ್ಟೈಪೆಂಡಿನ ಕಾಲು ಭಾಗ, ತಿಂಗಳಿಗೆ 1,500 ರೂಪಾಯಿ ತನಕ, ಸರ್ಕಾರ ಕೊಡುತ್ತದೆ. ಅಪ್ರೆಂಟಿಸ್ ಅಂತ ಕರೆದು ವರ್ಷವಿಡೀ ಬರ್ ತೆಗೆಸುವವರೂ ಇದ್ದಾರೆ. ಅವರಿಗೆ ಮುಂದಿನ ವರ್ಷ ಯಾರೂ ಸಿಗುವುದಿಲ್ಲ, ಹಾಸ್ಟೆಲಿನಲ್ಲಿ ಸುದ್ದಿ ಹರಡುತ್ತದೆ.

ಮಗ ಡೆಂಕಣಿಕೋಟೆ ಕಡೆ ಕನ್ನಡ ಮೀಡಿಯಂನಲ್ಲಿ ಓದಿದವನು. ಐಟಿಐ ಸೇರಿಸಿದರೆ ಭಾಷೆ ತೊಡಕಾಗುತ್ತದಾ? ಯಾವ ಟ್ರೇಡ್ ಒಳ್ಳೆಯದು?

ಮೊದಲ ಕೆಲವು ತಿಂಗಳು ತೊಡಕಾಗುತ್ತದೆ. ವರ್ಕ್‌ಶಾಪಿನಲ್ಲಿ ಬಳಸುವ ಪದಗಳು ಎಲ್ಲ ಭಾಷೆಯಲ್ಲೂ ಹೆಚ್ಚುಕಡಿಮೆ ಅವೇ, ಹಾಗಾಗಿ ಬೇಗ ಹೊಂದಿಕೊಳ್ಳುತ್ತಾರೆ. ಚೆನ್ನೈನ ಗಿಂಡಿಯಲ್ಲಿರುವ ನಿಮಿ ಸಂಸ್ಥೆ ಐಟಿಐ ಪುಸ್ತಕಗಳನ್ನು ಹಲವು ಭಾಷೆಗಳಲ್ಲಿ ತರುತ್ತದೆ, ಕನ್ನಡದಲ್ಲೂ ಇವೆ. ಗಡಿಯ ಯಾವ ಕಡೆ ಓದಿದರೂ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟಿಗೆ ಬೆಲೆ ಒಂದೇ.

ಒಂದು ವಿಷಯ ಮಾತ್ರ ಗಡಿಯ ಮೇಲೆ ನಿಂತಿದೆ. ತಮಿಳುನಾಡಿನ ಸರ್ಕಾರಿ ಶಾಲೆಯಲ್ಲಿ 6ನೇ ತರಗತಿಯಿಂದ ಓದಿ ಐಟಿಐ, ಡಿಪ್ಲೊಮಾ, ಡಿಗ್ರಿ ಸೇರಿದ ಹೆಣ್ಣುಮಕ್ಕಳಿಗೆ 2022ರಿಂದ ಪುದುಮೈ ಪೆಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ ಬರುತ್ತದೆ. ಗಂಡುಮಕ್ಕಳಿಗೆ 2024ರಿಂದ ತಮಿಳ್ ಪುದಲ್ವನ್ ಹೆಸರಲ್ಲಿ ಅಷ್ಟೇ. ನಡುವೆ ಆನೇಕಲ್ ಕಡೆ ನೆಂಟರ ಮನೆಯಲ್ಲಿಟ್ಟು ಓದಿಸಿದ್ದರೆ ಸಿಗುವುದು ಕಷ್ಟ.

ಟ್ರೇಡ್ ವಿಷಯಕ್ಕೆ ಬಂದರೆ, ಟರ್ನರ್, ಮಷಿನಿಸ್ಟ್, ಟೂಲ್ ಅಂಡ್ ಡೈ ಮೇಕರ್ (ಅಚ್ಚು ಮಾಡುವವನು) ಈ ಮೂರಕ್ಕೆ ಹೊಸೂರಿನಲ್ಲಿ ಕೆಲಸ ಹುಡುಕಿಕೊಂಡು ಬರುತ್ತದೆ. ಮೂರೂ ಎರಡು ವರ್ಷದವು. ಎಲೆಕ್ಟ್ರಿಷಿಯನ್‌ಗೆ ಎಲ್ಲರೂ ಮುಗಿಬೀಳುತ್ತಾರೆ, ಕೆಟ್ಟದ್ದೇನಲ್ಲ. ನನ್ನನ್ನು ಕೇಳಿದರೆ ಡೈ ಮೇಕರ್. ಅದು ಕಲಿತವನು ಮುಂದೆ ಸ್ವಂತ ಶಾಪ್ ಹಾಕಬಲ್ಲ. ಇನ್ನೂ ಗಟ್ಟಿಯಾಗಿ ಕಲಿಯಬೇಕು ಅಂದರೆ ಬೆಂಗಳೂರಿನ ಸರ್ಕಾರಿ ತರಬೇತಿ ಕೇಂದ್ರ ಜಿಟಿಟಿಸಿ ಇದೆ. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಶುರುವಾದ ಟೂಲ್ ರೂಂ ಅದು.

ತಮಿಳುನಾಡು ಸರ್ಕಾರ ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ 71 ಸರ್ಕಾರಿ ಐಟಿಐಗಳಿಗೆ ಹೊಸ ಮಷಿನ್, ರೋಬೋ ತರಿಸಿದೆ. ಸೇರಿಸುವ ಮೊದಲು ವರ್ಕ್‌ಶಾಪಿನೊಳಗೆ ಹೋಗಿ ನೋಡಿ. ಮಷಿನ್ ಮೇಲೆ ಎಣ್ಣೆ ಜಿಡ್ಡು, ಚಿಪ್ಸ್ ಇದ್ದರೆ ಮಕ್ಕಳು ಕೈ ಹಾಕುತ್ತಿದ್ದಾರೆ ಅಂತ ಅರ್ಥ. ಪ್ಲಾಸ್ಟಿಕ್ ಕವರ್ ಇನ್ನೂ ಹಾಗೇ ಇದ್ದರೆ ಯಾಕೆ ಅಂತ ಕೇಳಿ.

ಹೆಣ್ಣುಮಕ್ಕಳಿಗೆ ಮಷಿನ್ ಶಾಪ್ ಆಗುತ್ತದಾ?

ಯಾಕಾಗಲ್ಲ? ಭಾರದ ಜಾಬ್ ಎತ್ತಲು ಹಾಯ್ಸ್ಟ್ ಇದ್ದರೆ ಸಾಕು, ಅದು ಗಂಡಸರ ಬೆನ್ನಿಗೂ ಒಳ್ಳೆಯದು. ದೊಡ್ಡ ಫ್ಯಾಕ್ಟರಿಗಳು ಹುಡುಗಿಯರನ್ನು ಹುಡುಕಿ ತೆಗೆದುಕೊಳ್ಳುತ್ತಿವೆ. ಸಣ್ಣ ಶಾಪ್ ಹಿಂದುಳಿಯುವುದು ಕೌಶಲದ ಕಾರಣಕ್ಕಲ್ಲ, ಸರಿಯಾದ ಶೌಚಾಲಯ ಇಲ್ಲದ್ದಕ್ಕೆ, ರಾತ್ರಿ ಮನೆಗೆ ಬಿಡುವ ಗಾಡಿ ಇಲ್ಲದ್ದಕ್ಕೆ.

ಸ್ಮಾರ್ಟ್ ಫ್ಯಾಕ್ಟರಿ ಅಂದರೆ ಏನು ಅಂತ ಕಣ್ಣಾರೆ ನೋಡಲು ಹತ್ತಿರದಲ್ಲಿ ಜಾಗ ಇದೆಯಾ?

ಬೆಂಗಳೂರಿನ ತುಮಕೂರು ರಸ್ತೆಯ ಸಿಎಂಟಿಐ, ತಯಾರಿಕಾ ತಂತ್ರಜ್ಞಾನದ ಕೇಂದ್ರ ಸರ್ಕಾರಿ ಸಂಸ್ಥೆ. ಕೇಂದ್ರದ ಸಮರ್ಥ್ ಉದ್ಯೋಗ್ ಯೋಜನೆಯಡಿ ಅಲ್ಲೂ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಇಂಥ ಕೇಂದ್ರಗಳಿವೆ. ಮೊದಲೇ ಕೇಳಿಕೊಂಡು ಹೋಗಿ, ಜೊತೆಗೆ ನಿಮ್ಮ ಸೆಟ್ಟರನ್ನೂ ಕರೆದುಕೊಂಡು ಹೋಗಿ. ಮಾಲೀಕ ಒಬ್ಬನೇ ನೋಡಿ ಬಂದರೆ ಬರೀ ಆಸೆ ಹುಟ್ಟುತ್ತದೆ.

ಸಾಫ್ಟ್‌ವೇರ್ ಮಾರುವವರು ಬಂದು ಚೆಂದದ ಚಾರ್ಟ್ ತೋರಿಸುತ್ತಾರೆ. ಏನು ಕೇಳಬೇಕು?

ಇಂಟರ್ನೆಟ್ ಹೋದಾಗ ಇದು ನಡೆಯುತ್ತದಾ? ಸ್ಕ್ರೀನ್ ಕನ್ನಡ, ತಮಿಳು, ಹಿಂದಿಯಲ್ಲಿ ಬರುತ್ತದಾ? ಮಷಿನ್ನಿಗೆ ತಿಂಗಳಿಗೆ ಎಷ್ಟು, ಎರಡನೇ ವರ್ಷ ಎಷ್ಟು? ಒಂದೇ ಮಷಿನ್ ಮೇಲೆ ಮೂರು ತಿಂಗಳು ಹಾಕಿ ತೋರಿಸುತ್ತೀರಾ? ನಾಳೆ ನಿಮ್ಮನ್ನು ಬಿಟ್ಟರೆ ನನ್ನ ಡೇಟಾ ಎಕ್ಸೆಲ್‌ನಲ್ಲಿ ವಾಪಸ್ ಸಿಗುತ್ತದಾ? ಕೊನೆಯ ಪ್ರಶ್ನೆಗೆ ನೇರ ಉತ್ತರ ಬರದಿದ್ದರೆ ಟೀ ಕುಡಿಸಿ ಕಳಿಸಿ.